ಚಪಾತಿ ಕೊಡುವ ಮೊದಲು ಕೇಳಿದ್ದಿರಾ?

ತೀರ್ಥಹಳ್ಳಿ ಬಳಿಯ ತೋಟದ ಮನೆಯಿಂದ ಬಂದ ಈ ಪತ್ರವನ್ನು ಓದಿದ ಮೇಲೆ ಬೇರೆ ಪತ್ರ ಬಿಚ್ಚಲು ಮನಸ್ಸಾಗಲಿಲ್ಲ. ಸಂಗತಿ ಇಷ್ಟು: ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಬೀರುವಿನಲ್ಲಿದ್ದ ಚಿನ್ನದ ಸರ ಕಾಣೆಯಾಗಿದೆ. ಆ ದಿನ ಮನೆಯೊಳಗೆ ಬಂದು ಹೋದವರು ಏಳು ಮಂದಿ. ಗಂಡನ ಅನುಮಾನ ಮಾತ್ರ ಮೂರು ವರ್ಷಗಳಿಂದ ಅಡಿಕೆ ಸುಲಿಯಲು ಬರುವ ರಾಂಚಿ ಕಡೆಯ ಹೆಂಗಸಿನ ಮೇಲೆ. ‘ಆ ಜನವೇ ಹಾಗೆ, ಅವಳ ಚೀಲ ತೆಗೆದು ನೋಡು’ ಎಂದಿದ್ದಾರೆ. ಪತ್ರ ಬರೆದವರಿಗೆ ಅದು ಒಗ್ಗದು. ‘ಅವಳೂ ನಮ್ಮ ಹಾಗೆ ಕಥೋಲಿಕಳು, ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಅಂಥವಳು ಕದಿಯುವುದಿಲ್ಲ ಎಂದು ಇವರಿಗೆ ಹೇಗೆ ಹೇಳಲಿ?’ ಎಂದು ಕೇಳಿದ್ದಾರೆ.

ಸಹೋದರಿ, ಹಾಗೆ ಹೇಳಲೇಬೇಡಿ. ಯೇಸುವಿನ ಜೊತೆಗಿದ್ದ ಹನ್ನೆರಡು ಮಂದಿಯಲ್ಲಿ ಹಣದ ಚೀಲ ಹಿಡಿದವನೇ ಕಳ್ಳನಾಗಿದ್ದ ಎಂದು ಯೊವಾನ್ನನ ಶುಭಸಂದೇಶದಲ್ಲಿದೆ. ನಿಮ್ಮ ಗಂಡ ‘ಆ ಜನ’ ಎನ್ನುತ್ತಾರೆ, ನೀವು ‘ನಮ್ಮ ಜನ’ ಎನ್ನುತ್ತೀರಿ. ನಿಮ್ಮಿಬ್ಬರ ಮಾತಿನಲ್ಲೂ ಆ ಹೆಂಗಸು ಇಲ್ಲ.

ನನ್ನನ್ನು ಕಲಕಿದ್ದು ಸರವಲ್ಲ, ಪತ್ರದ ಕೊನೆಯಲ್ಲಿ ನೀವು ತಮಾಷೆಯೆಂದು ಬರೆದ ಒಂದು ಸಾಲು. ಉತ್ತರದವಳೆಂದು ಮೂರು ವರ್ಷವೂ ಅವಳಿಗೆಂದೇ ಚಪಾತಿ ಲಟ್ಟಿಸಿದ್ದೀರಿ. ಮೊನ್ನೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕನ್ನಡದಲ್ಲೇ ‘ಅಕ್ಕಾ, ರಾತ್ರಿಯ ಅನ್ನ ಉಳಿದಿದೆಯಾ?’ ಎಂದು ಕೇಳಿದಳಂತೆ. ನಿಮಗೆ ನಗು ಬಂತಂತೆ. ನನಗೆ ಬರಲಿಲ್ಲ. ರಾಂಚಿ ಇರುವ ಛೋಟಾನಾಗಪುರದ ಕಡೆ ಭತ್ತ ಬೆಳೆದು ಅನ್ನ ಉಣ್ಣುವವರೇ ಹೆಚ್ಚು. ಆದರೆ ಅದನ್ನು ನೀವು ನನ್ನಿಂದ ತಿಳಿಯಬೇಕಾಗಿರಲಿಲ್ಲ, ಅವಳನ್ನೇ ಕೇಳಬಹುದಿತ್ತು. ಅವಳು ನಿಮ್ಮ ಭಾಷೆ ಕಲಿತಳು, ನೀವು ಅವಳ ಹಸಿವನ್ನೂ ವಿಚಾರಿಸಲಿಲ್ಲ. ನಿಮ್ಮದು ಒಳ್ಳೆಯ ಮನಸ್ಸು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಅವಳು ಯಾರೆಂದು ಕೇಳದೆ ಮಾಡಿದ ಉಪಕಾರ ಅದು.

‘ಈಚೆಗೆ ಧರ್ಮಕ್ಕೆ ಸೇರಿದವರಿರಬೇಕು’ ಎಂದೂ ಊಹಿಸಿದ್ದೀರಿ. ರಾಂಚಿಗೆ ಜರ್ಮನಿಯ ಪ್ರೊಟೆಸ್ಟಂಟರ ಗೋಸ್ನರ್ ಮಿಷನ್ ಬಂದದ್ದು 1845ರಲ್ಲಿ, ಬೆಲ್ಜಿಯಂನ ಕಥೋಲಿಕ ಲೀವನ್ಸ್ ಪಾದ್ರಿಗಳು ಆ ಸೀಮೆಗೆ ಬಂದದ್ದು 1885ರಲ್ಲಿ. 2003ರಲ್ಲಿ ಕಾರ್ಡಿನಲ್ ಆದ ತೆಲೆಸ್ಫೋರ್ ಟೊಪ್ಪೊ ಅಲ್ಲಿಯ ಉರಾಂವ್ ಆದಿವಾಸಿ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಆದದ್ದೇ 1988ರಲ್ಲಿ. ಅವಳ ಮನೆಯಲ್ಲಿ ಜಪಸರ ಹಿಡಿದವರು ಎಷ್ಟು ತಲೆಮಾರಿನವರೋ, ಅದನ್ನೂ ಅವಳೇ ಹೇಳಬೇಕು.

ನಿಮ್ಮ ಗಂಡನ ಮೇಲೆ ನನಗೆ ಕನಿಕರವಿಲ್ಲ. ಅವರ ತಂದೆ ಉಡುಪಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಕೂಲಿಗೆ ಬಂದವರು. ‘ಘಟ್ಟದ ಕೆಳಗಿನವರನ್ನು ನಂಬಬೇಡಿ’ ಎಂಬ ಮಾತು ಕೇಳಿಸಿಕೊಂಡೇ ಆ ತೋಟ ಕಟ್ಟಿದರು ಎಂದು ನೀವೇ ಬರೆದಿದ್ದೀರಿ. ಆ ನೋವನ್ನು ಕೇಳುತ್ತಾ ಬೆಳೆದವರಿಗೆ ಅದೇ ಮಾತು ಇನ್ನೊಬ್ಬರ ಮೇಲೆ ಇಷ್ಟು ಸಲೀಸಾಗಿ ಬರಬಾರದಿತ್ತು.

ಯೇಸುವಿನ ಊರಾದ ನಜರೇತಿನಿಂದ ಒಳ್ಳೆಯದು ಬಂದೀತೇ ಎಂದು ಕೇಳಿದ ನತಾನಿಯೇಲ ದೂರದವನಲ್ಲ, ಅದೇ ಗಲಿಲೇಯದ ಕಾನಾ ಊರಿನವನು. ಇಡೀ ಒಂದು ಊರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ ಅವನಿಗೆ ಯೇಸು ಅಂದದ್ದು, ನೀನು ಅಂಜೂರದ ಮರದ ಕೆಳಗಿದ್ದಾಗಲೇ ನಿನ್ನನ್ನು ಕಂಡೆ ಎಂದು. ‘ಕಾನಾದವರು ಹೀಗೆಯೇ’ ಎನ್ನಲಿಲ್ಲ. ಆ ಒಬ್ಬನನ್ನು ಕಂಡಿದ್ದರು.

ನೀವು ಮಾಡಬೇಕಾದದ್ದು ಒಂದೇ. ಅವಳ ಚೀಲ ಮುಟ್ಟಬೇಡಿ. ನಾಳೆ ಸುಲಿಯುವ ಕೆಲಸ ಶುರುವಾಗುವ ಮೊದಲು ಆ ಏಳು ಮಂದಿಯನ್ನೂ ಒಬ್ಬೊಬ್ಬರಾಗಿ, ಒಂದೇ ದನಿಯಲ್ಲಿ, ‘ಸರ ಕಾಣುತ್ತಿಲ್ಲ, ನೋಡಿದಿರಾ?’ ಎಂದು ಕೇಳಿ. ಅವಳನ್ನು ಮೊದಲು ಕೇಳಬೇಡಿ, ಕೊನೆಗೂ ಉಳಿಸಬೇಡಿ. ನಿಮ್ಮ ಗಂಡನ ತಮ್ಮನೂ ಆ ದಿನ ಬಂದಿದ್ದರಲ್ಲ, ಅವರಿಂದ ಶುರುಮಾಡಿ.