ವಿಂಕ್ಯುಲಮ್ ಅಂದರೆ ಗೆರೆಯೋ, ಕಟ್ಟೋ?

ನಿಮ್ಮ ಪ್ರಶ್ನೆ ಇಷ್ಟು: ವಿಬೋಡ್ಮಾಸ್‌ನ (ಲೆಕ್ಕದಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು ಅನ್ನುವ ಕ್ರಮದ ಸೂತ್ರ) ‘ವಿ’ ಅಂದರೆ ವಿಂಕ್ಯುಲಮ್, ಅಂಕಿಗಳ ತಲೆ ಮೇಲಿನ ಗೆರೆ ಅಂತ ಕೋಚಿಂಗ್‌ನಲ್ಲಿ ಹೇಳಿದ್ದಾರೆ. ಡಿಕ್ಷನರಿ ತೆಗೆದರೆ ‘ಕಟ್ಟು, ಬಂಧ, ಜೋಡಿಸುವಂಥದ್ದು’ ಅಂತಿದೆ. ಗೆರೆಗೂ ಕಟ್ಟಿಗೂ ಏನು ಸಂಬಂಧ? ಈ ಪದವನ್ನು ಇಂಗ್ಲಿಷ್ ಪ್ರಬಂಧದಲ್ಲಿ ಬಳಸಬಹುದಾ?

ನಾನು ದಾವಣಗೆರೆಯವನು. ಸಂಜೆ ಹೊತ್ತು ಪರೀಕ್ಷೆಗೆ ಓದುವ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತೇನೆ. ಈ ಪದ ನನ್ನ ತಲೆಗೆ ಹತ್ತಿದ್ದು ಊರಿನ ಹೆಸರಿನಿಂದಲೇ.

ದಾವಣಿ ಗೊತ್ತಲ್ವಾ? ಲಂಗ-ದಾವಣಿ ಅಲ್ಲ, ದನ ಕಟ್ಟುವ ದಾವಣಿ. ಎರಡು ಗೂಟಗಳ ನಡುವೆ ಉದ್ದಕ್ಕೆ ಒಂದು ಹಗ್ಗ. ಅದಕ್ಕೆ ಸಾಲಾಗಿ ಕಣ್ಣಿಗಳು. ಒಂದೊಂದು ಕಣ್ಣಿಗೆ ಒಂದೊಂದು ದನ. ಹಿಂದೆ ಇಲ್ಲಿ ಕೆರೆ ಪಕ್ಕ ಕುದುರೆಗಳ ದಾವಣಿ ಇತ್ತು, ಅದಕ್ಕೇ ಊರಿಗೆ ಈ ಹೆಸರು ಅಂತ ನಮ್ಮ ಕಡೆ ಹೇಳುತ್ತಾರೆ. ಆ ಕಥೆ ಹೇಗಾದರೂ ಇರಲಿ, ವಿಂಕ್ಯುಲಮ್ ಮಾಡುವುದು ದಾವಣಿ ಕೆಲಸವನ್ನೇ. ಲ್ಯಾಟಿನ್‌ನಲ್ಲಿ ‘ವಿಂಕಿರೆ’ ಅಂದರೆ ಕಟ್ಟು, ಬಿಗಿ. ಅದರಿಂದ ವಿಂಕ್ಯುಲಮ್, ಕಟ್ಟುವ ವಸ್ತು. ಹಗ್ಗವೂ ಆಗಬಹುದು, ಸರಪಳಿಯೂ ಆಗಬಹುದು. (ವಿಕ್ಟರಿ ಬಂದಿದ್ದು ‘ವಿಂಕೆರೆ’ ಅನ್ನುವ ಬೇರೆ ಕ್ರಿಯಾಪದದಿಂದ, ಅದರ ಅರ್ಥ ಗೆಲ್ಲು. ಎರಡನ್ನೂ ಬೆರೆಸಬೇಡಿ.) ರೋಮ್‌ನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನ ಹೆಸರಿನಲ್ಲೂ ಇದೇ ಪದ ಇದೆ. ಸಂತ ಪೀಟರನನ್ನು ಕಟ್ಟಿದ್ದವು ಅನ್ನುವ ಸರಪಳಿಗಳನ್ನು ಅಲ್ಲಿ ಇಟ್ಟಿದ್ದಾರೆ.

ಈಗ ಲೆಕ್ಕಕ್ಕೆ ಬನ್ನಿ. 20 − (8 − 5 − 2) ಅಂತ ಇದೆ ಅಂದುಕೊಳ್ಳಿ. ಹಾಗೇ ಮಾಡಿದರೆ ಒಳಗೆ 1, ಉತ್ತರ 19. ಆದರೆ ‘5 − 2’ರ ತಲೆ ಮೇಲೆ ಒಂದು ಗೆರೆ ಇದ್ದರೆ? ಆ ಎರಡೂ ಒಂದೇ ದಾವಣಿಯಲ್ಲಿವೆ ಅಂತ ಅರ್ಥ. 5ನ್ನು ಮಾತ್ರ ಬಿಚ್ಚಿಕೊಂಡು ಹೋಗುವ ಹಾಗಿಲ್ಲ. ಮೊದಲು 5 − 2 = 3, ಆಮೇಲೆ 8 − 3 = 5, ಕೊನೆಗೆ 15. ಬ್ರಾಕೆಟ್ ಬಿಡಿಸುವ ಮುಂಚೆಯೇ ಗೆರೆಯ ಕೆಳಗಿನದ್ದನ್ನು ಮುಗಿಸಬೇಕು. ಅದಕ್ಕೇ ಬೋಡ್ಮಾಸ್‌ಗಿಂತ ಮುಂದೆ ‘ವಿ’ ಕೂತಿರುವುದು.

ಒಮ್ಮೆ ನನ್ನ ಕ್ಲಾಸಿನಲ್ಲಿ ಇದೇ ಥರದ ಲೆಕ್ಕಕ್ಕೆ ದೊಡ್ಡ ಜಗಳ ಆಯಿತು. ಎಲ್ಲರದ್ದೂ 19, ಕೀ ಉತ್ತರದಲ್ಲಿ 15. ಕೀ ತಪ್ಪು ಅಂತ ಹುಡುಗರು ಹಠ ಹಿಡಿದರು, ನಾನೂ ಹೂಂ ಅಂದುಬಿಟ್ಟೆ. ಮನೆಗೆ ಬಂದು ಮೂಲ ಪುಸ್ತಕ ನೋಡಿದರೆ ಗೆರೆ ಇದೆ! ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿ ತೆಗೆಸಿ ಅಳಿಸಿಹೋಗಿತ್ತು. ಮಾರನೇ ದಿನ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡೆ.

ಈ ಗೆರೆ ನಿಮಗೆ ಹೊಸದೇನಲ್ಲ, ಹೆಸರು ಮಾತ್ರ ಹೊಸದು. ವರ್ಗಮೂಲದ ಚಿಹ್ನೆಗೆ ಮೇಲೆ ಬಾಲ ಇದೆಯಲ್ಲ, ಅದೂ ವಿಂಕ್ಯುಲಮ್ಮೇ. ಗೆರೆ 9 + 16ರ ಮೇಲೆ ಪೂರ್ತಿ ಹೋದರೆ ಉತ್ತರ 5, 9ರ ಮೇಲೆ ಮಾತ್ರ ಇದ್ದರೆ 19. ದಶಾಂಶದಲ್ಲೂ ಹಾಗೇ. 1/6 ಅಂದರೆ 0.16, ಗೆರೆ 6ರ ಮೇಲೆ ಮಾತ್ರ, ಯಾಕೆಂದರೆ ಮತ್ತೆ ಮತ್ತೆ ಬರುವುದು 6 ಒಂದೇ. 1/7ಕ್ಕೆ ಬಂದರೆ 142857 ಇಷ್ಟಕ್ಕೂ ಸೇರಿಸಿ ಒಂದೇ ಗೆರೆ, ಆರು ದನದ ದಾವಣಿ. ಭಿನ್ನರಾಶಿಯ ನಡುವಿನ ಗೆರೆಗೂ ಇದೇ ಹೆಸರು. ರೋಮನ್ ಅಂಕಿಯ ಮೇಲೆ ಎಳೆದರೆ ಮಾತ್ರ ಕೆಲಸ ಬೇರೆ: ಸಾವಿರದಿಂದ ಗುಣಿಸು ಅಂತ. ‘ವಿ’ ಅಂದರೆ 5, ಗೆರೆ ಎಳೆದ ‘ವಿ’ 5000.

ವರ್ಗಮೂಲದ ಚಿಹ್ನೆಯ ಜೊತೆ ಈ ಗೆರೆಯನ್ನು ಫ್ರೆಂಚ್ ಗಣಿತಜ್ಞ ಡೆಕಾರ್ಟ್ 1637ರಲ್ಲಿ ಬಳಸಿದ. ಬ್ರಾಕೆಟ್ ಥರ ಎಲ್ಲ ಕಡೆ ಬಳಸಲು ಶುರು ಮಾಡಿದವನು ಡಚ್ ಗಣಿತಜ್ಞ ಫ್ರಾನ್ಸ್ ವಾನ್ ಸ್ಕೂಟೆನ್, 1646ರಲ್ಲಿ. ಆಮೇಲೆ ದುಂಡು ಬ್ರಾಕೆಟ್ಟೇ ಗೆದ್ದಿತು. ನಮ್ಮ ಪರೀಕ್ಷೆಯವರು ಮಾತ್ರ ಹಳೆಯದನ್ನು ಬಿಟ್ಟಿಲ್ಲ!

ಗಣಿತದ ಹೊರಗೂ ಪದ ಇದೆ. ಬೆರಳು ಮಡಚುವ ಸ್ನಾಯುರಜ್ಜುವನ್ನು ಮೂಳೆಗೆ ಹಿಡಿದಿಡುವ ಸಣ್ಣ ಎಳೆಗಳಿಗೆ ವೈದ್ಯರು ವಿಂಕ್ಯುಲಾ ಅನ್ನುತ್ತಾರೆ. ಅದು ಬಹುವಚನ. ಆ ಎಳೆಗಳ ಮೂಲಕವೇ ರಕ್ತವೂ ಹರಿಯುತ್ತದೆ. ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ ಮದುವೆಯ ಕಟ್ಟನ್ನೇ ಪೂರ್ತಿ ಬಿಡಿಸುವ ವಿಚ್ಛೇದನಕ್ಕೆ ‘ಆ ವಿಂಕುಲೊ ಮ್ಯಾಟ್ರಿಮೊನಿಯೈ’ ಅಂತ ಹೆಸರಿತ್ತು.

ಇನ್ನು ಪ್ರಬಂಧದ ಮಾತು. ನನ್ನ ಕೇಳಿದರೆ ಬೇಡ. ‘ಭಾಷೆ ಜನರ ನಡುವಿನ ವಿಂಕ್ಯುಲಮ್’ ಅಂತ ಬರೆದರೆ ವ್ಯಾಕರಣದ ತಪ್ಪೇನಿಲ್ಲ. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಸುಮ್ನೆ ಬಾಂಡ್, ಲಿಂಕ್, ಟೈ ಅಂತ ಬರೆಯಿರಿ.

ಮುಂದೆ ಇಂಥ ಲೆಕ್ಕ ಇಲ್ಲಿ ಕೇಳುವುದಿದ್ದರೆ ಫೋಟೊ ಹಾಕಿ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಆ ಗೆರೆ ಬರುವುದಿಲ್ಲ, ಜೆರಾಕ್ಸ್ ಕಥೆಯೇ ಆಗುತ್ತದೆ. ಟೈಪೇ ಮಾಡಬೇಕು ಅಂದರೆ ಗೆರೆ ಇದ್ದ ಕಡೆ ಇನ್ನೊಂದು ಬ್ರಾಕೆಟ್ ಹಾಕಿ: 20 − (8 − (5 − 2)).