ದನದ ಮೇವಿಗೆ ಬೆಳೆಯುವ ನೇಪಿಯರ್ ಹುಲ್ಲಿಗೆ ಬರೀ ಯೂರಿಯಾ ಹಾಕಿದರೆ ಸಾಕಾ?

ಮೊದಮೊದಲು ಸಾಕು ಅನ್ನಿಸುತ್ತದೆ. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ. ಹಾಕಿದ ಕೆಲವೇ ದಿನಗಳಲ್ಲಿ ಎಲೆ ಕಡು ಹಸಿರಾಗುತ್ತದೆ, ಹುಲ್ಲಿನ ಪ್ರೋಟೀನ್ ಕೂಡ ಏರುತ್ತದೆ. ತೊಂದರೆ ಕಾಣುವುದು ಆಮೇಲೆ. ನೇಪಿಯರನ್ನು ಸುಮಾರು 45 ದಿನಕ್ಕೊಮ್ಮೆ ಕೊಯ್ಯುತ್ತೀರಿ, ಅಲ್ವಾ? ಒಂದೊಂದು ಹೊರೆಯ ಜೊತೆಗೂ ಮಣ್ಣಿನ ಪೊಟ್ಯಾಷ್ ಹೊಲದಿಂದ ಆಚೆ ಹೋಗುತ್ತದೆ, ಎಷ್ಟೋ ಸಲ ಸಾರಜನಕಕ್ಕಿಂತ ಜಾಸ್ತಿ. ಅದನ್ನು ವಾಪಸ್ ಕೊಡದಿದ್ದರೆ ಹಳೆ ಎಲೆಗಳ ಅಂಚು ಒಣಗುತ್ತದೆ, ಬುಡದಲ್ಲಿ ಒಡೆಯುವ ಹೊಸ ಮರಿ ಕಡಿಮೆಯಾಗುತ್ತದೆ. ಆಗ ಯೂರಿಯಾ ಎಷ್ಟು ಹೆಚ್ಚಿಸಿದರೂ ಇಳುವರಿ ಏರುವುದಿಲ್ಲ. ಬೇರಿಗೆ ಬೇಕಾದ ರಂಜಕವನ್ನು ನಾಟಿಗೆ ಮುಂಚೆಯೇ ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೆ ಸೇರಿಸಿ.

ನನಗೆ ಇಳುವರಿಗಿಂತ ದನದ ಆರೋಗ್ಯವೇ ಮುಖ್ಯ. ಸಾರಜನಕ ಅತಿಯಾಗಿ, ಮಳೆಯೂ ಕೈಕೊಟ್ಟರೆ ಕಾಂಡದಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ. ಅದು ಹಸುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ, ಹಸು ಸಾಯಲೂಬಹುದು. ಹಾಗಂತ ಪೊಟ್ಯಾಷನ್ನೂ ಸುಮ್ನೆ ಸುರಿಯಬೇಡಿ. ಅತಿಯಾದರೆ ಹುಲ್ಲಿನಲ್ಲಿ ದನಕ್ಕೆ ಬೇಕಾದ ಮೆಗ್ನೀಸಿಯಂ ಕುಗ್ಗುತ್ತದೆ. ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ತಿಳಿದುಕೊಳ್ಳಿ. ಯೂರಿಯಾವನ್ನಂತೂ ಒಂದೇ ಸಲಕ್ಕೆ ಹಾಕದೆ, ಪ್ರತಿ ಕೊಯ್ಲಿನ ನಂತರ ಸ್ವಲ್ಪ ಸ್ವಲ್ಪವೇ ಕೊಟ್ಟು ನೀರು ಹಾಯಿಸಿ.