ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ?

ಸಣ್ಣ ಊರುಗಳ ಭೂಬಳಕೆ, ಮಾಸ್ಟರ್ ಪ್ಲಾನ್, ಲೇಔಟ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಊರಿನ ಅಂಚಿನಲ್ಲಿ ನಮ್ಮದು 2 ಎಕರೆ 12 ಗುಂಟೆ ಖುಷ್ಕಿ ಜಮೀನಿದೆ. ಸೈಟ್ ಮಾಡಿ ಮಾರಬೇಕೆಂದಿದ್ದೇವೆ. "ಮೊದಲು ಡಿಸಿ ಕನ್ವರ್ಷನ್ ಮಾಡಿಸಿ, ಉಳಿದದ್ದು ತಾನಾಗಿ ಆಗುತ್ತೆ, 83 ಸೈಟ್ ಬೀಳುತ್ತೆ" ಎನ್ನುತ್ತಾರೆ ಮಧ್ಯವರ್ತಿ. ನಂಬಬಹುದೇ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಎರಡು ಮಾತೂ ತಪ್ಪು. ಲೆಕ್ಕದಿಂದಲೇ ಶುರು ಮಾಡೋಣ. 2 ಎಕರೆ 12 ಗುಂಟೆ ಎಂದರೆ 92 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 1,00,188 ಚದರ ಅಡಿ. ಇದನ್ನು 30x40ರ ಸೈಟಿನ 1,200 ಚದರ ಅಡಿಯಿಂದ ಭಾಗಿಸಿದರೆ 83 ಬರುತ್ತದೆ, ನಿಜ. ಆದರೆ ಆ ಸೈಟುಗಳಿಗೆ ಹೋಗುವುದು ಹೇಗೆ? ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ (ಸಿಎ ಸೈಟ್) ಇಷ್ಟನ್ನೂ ಬಿಟ್ಟ ಮೇಲೆ ಕೈಗೆ ಸಿಗುವುದು ಅರ್ಧದ ಆಸುಪಾಸು. 40-45 ಸೈಟ್ ಎಂದು ಇಟ್ಟುಕೊಂಡು ಲಾಭ ನಷ್ಟ ಹಾಕಿ. ಬಿಟ್ಟ ರಸ್ತೆ, ಪಾರ್ಕುಗಳನ್ನು ಪರಿಹಾರವಿಲ್ಲದೆ ಸ್ಥಳೀಯ ಸಂಸ್ಥೆಗೋ ಊರಿನ ಯೋಜನಾ ಪ್ರಾಧಿಕಾರಕ್ಕೋ ಬರೆದುಕೊಡಬೇಕು. ಪಹಣಿಯ 3ನೇ ಕಾಲಂನಲ್ಲಿ "ಬ" ಖರಾಬು ಇದ್ದರೆ ಅದನ್ನು ಮೊದಲೇ ಕಳೆಯಿರಿ. ಅದು ಹಳ್ಳವೋ ಬಂಡಿದಾರಿಯೋ ಆಗಿರುತ್ತದೆ, ಸರ್ಕಾರದ್ದು.

ಇನ್ನು ಕ್ರಮದ ವಿಷಯ. ಜನ ಒಂದೇ ಎಂದು ತಿಳಿದಿರುವ ಎರಡು ಬೇರೆ ಬೇರೆ ಅನುಮತಿಗಳು ಇಲ್ಲಿವೆ. ಒಂದು ಭೂ ಪರಿವರ್ತನೆ, ಬಾಯಿಮಾತಿನಲ್ಲಿ ಕನ್ವರ್ಷನ್ ಅಥವಾ ಅಲಿನೇಷನ್. ಇದು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಕೆಳಗೆ ಜಿಲ್ಲಾಧಿಕಾರಿಯಿಂದ ಬರುತ್ತದೆ. ಇನ್ನೊಂದು ಭೂಬಳಕೆ. ಇದನ್ನು ತೀರ್ಮಾನಿಸುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961 ಮತ್ತು ಅದರ ಕೆಳಗೆ ತಯಾರಾದ ಮಾಸ್ಟರ್ ಪ್ಲಾನ್. ಹಳಬರು ಇದನ್ನೇ ಸಿಡಿಪಿ (ಸಮಗ್ರ ಅಭಿವೃದ್ಧಿ ಯೋಜನೆ) ಎನ್ನುತ್ತಾರೆ. ಇದರ ನಕ್ಷೆಯಲ್ಲಿ ಒಂದೊಂದು ಬಳಕೆಗೆ ಒಂದೊಂದು ಬಣ್ಣ. ಕಂದಾಯ ಇಲಾಖೆ ಪರಿವರ್ತನೆ ಕೊಟ್ಟ ಮಾತ್ರಕ್ಕೆ ನಕ್ಷೆಯ ಬಣ್ಣ ಬದಲಾಗುವುದಿಲ್ಲ. ಬಣ್ಣ ಕೂಡಿದ್ದರೆ ಮಾತ್ರ ಪರಿವರ್ತನೆ ಸಲೀಸು. ನಕ್ಷೆಯ ಬಳಕೆಗೆ ಒಪ್ಪುವ ಪರಿವರ್ತನೆಗೆ ಕಾಯ್ದೆಯೇ ದಾರಿ ಹಗುರ ಮಾಡಿದೆ. ಕೂಡದಿದ್ದರೆ ಪ್ರಾಧಿಕಾರದ ಅಭಿಪ್ರಾಯ ಕೇಳಿದ ಹಂತದಲ್ಲಿಯೇ "ಅನುಮೋದಿತ ಭೂಬಳಕೆಗೆ ಅನುಗುಣವಾಗಿಲ್ಲ" ಎಂಬ ಒಂದು ಸಾಲು ಬರೆದು ಕಡತ ವಾಪಸ್ ಕಳಿಸುತ್ತಾರೆ.

ಹಾಗಾಗಿ ಮೊದಲ ಕೆಲಸ ನಕ್ಷೆ ನೋಡುವುದು. ಅಂತಿಮವಾಗಿ ಅನುಮೋದನೆಯಾದ ಮಾಸ್ಟರ್ ಪ್ಲಾನನ್ನು ಪ್ರಾಧಿಕಾರದ ಕಚೇರಿಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ದೃಢೀಕೃತ ಪ್ರತಿಯನ್ನು ಶುಲ್ಕ ಕಟ್ಟಿ ಪಡೆಯಬಹುದು. ನೋಡುವುದು ಯೋಜನಾ ಕಾಯ್ದೆಯ 13ನೇ ಕಲಮಿನಲ್ಲಿಯೇ ಇರುವ ಹಕ್ಕು. ಪ್ರತ್ಯೇಕ ಪ್ರಾಧಿಕಾರ ಇಲ್ಲದ ಊರಲ್ಲಿ ಪುರಸಭೆಯೇ ಆ ಕೆಲಸ ಮಾಡುತ್ತಿರಬಹುದು. ಅದೂ ಗೊತ್ತಾಗದಿದ್ದರೆ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ಕಚೇರಿಗೆ ಹೋಗಿ.

ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಹಸಿರು ಉದ್ಯಾನ ಮತ್ತು ಬಯಲು, ಬೂದು ಸಾರಿಗೆ. ಕೃಷಿ ವಲಯ ತಿಳಿ ಹಸಿರು. ಮೂಲೆಯಲ್ಲಿರುವ ಸೂಚಿಯನ್ನು ತಪ್ಪದೆ ಓದಿ. ಬ್ರೋಕರ್ ಕೊಡುವ ಕಪ್ಪು ಬಿಳುಪು ಜೆರಾಕ್ಸನ್ನು ನಂಬಬೇಡಿ. ಅದರಲ್ಲಿ ತಿಳಿ ಹಸಿರೂ ಹಳದಿಯೂ ಒಂದೇ ಬೂದು ಆಗಿ ಬಿದ್ದಿರುತ್ತದೆ, ಕೃಷಿ ವಲಯ ವಸತಿ ವಲಯವಾಗಿ ಮಾರಾಟವಾಗುವುದು ಹೀಗೆಯೇ. ಸರ್ವೆ ನಂಬರಿನ ನಡುವೆಯೇ ಬಣ್ಣ ಬದಲಾಗಿದ್ದರೆ ಇನ್ನೂ ಜಾಗರೂಕರಾಗಿರಿ. ನಿಮ್ಮ ಹಿಸ್ಸಾ ಯಾವ ಕಡೆ ಬೀಳುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯದು. ಸರ್ವೆ ಇಲಾಖೆಯಿಂದ 11ಇ ನಕ್ಷೆ (ಹಿಸ್ಸೆಯನ್ನು ಅಳೆದು ಗಡಿ ತೋರಿಸುವ ನಕ್ಷೆ) ಮಾಡಿಸಿ, ಅದನ್ನು ಲಗತ್ತಿಸಿ, "ಈ ಹಿಸ್ಸೆಯ ಭೂಬಳಕೆ ಏನು" ಎಂದು ಲಿಖಿತವಾಗಿ ಕೇಳಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಪಡೆಯಿರಿ.

ಬಣ್ಣ ಹಳದಿ ಇದ್ದರೆ ಕ್ರಮ ಹೀಗೆ: ಪರಿವರ್ತನೆ, ಆಮೇಲೆ 17ನೇ ಕಲಮಿನಡಿ ಪ್ರಾಧಿಕಾರದಿಂದ ವಿನ್ಯಾಸ ಅನುಮೋದನೆ, ರಸ್ತೆ, ಚರಂಡಿ, ನೀರು, ವಿದ್ಯುತ್ ಕೆಲಸ, ಪ್ರಾಧಿಕಾರದಿಂದ ಸೈಟುಗಳ ಬಿಡುಗಡೆ, ಖಾತೆ, ಕೊನೆಗೆ ಮಾರಾಟ. ಮಾರಾಟ ಮೊದಲು, ವಿನ್ಯಾಸ ಆಮೇಲೆ ಎಂದು ಹೊರಟರೆ ನಿಮ್ಮದು "ರೆವಿನ್ಯೂ ಸೈಟ್" ಆಗುತ್ತದೆ. ನೋಂದಣಿ, ಖಾತೆ, ಬ್ಯಾಂಕ್ ಸಾಲ ಎಲ್ಲವೂ ಅಲ್ಲಿಯೇ ನಿಲ್ಲುತ್ತವೆ. ವಸತಿ ಲೇಔಟಿನ ಒಳರಸ್ತೆಗೆ ಬಹುತೇಕ ಊರುಗಳ ನಿಯಮಾವಳಿ ಕನಿಷ್ಠ 9 ಮೀಟರ್ ಕೇಳುತ್ತದೆ. ಜಮೀನಿಗೆ ಬರುವ ದಾರಿಯೇ ಅಷ್ಟಿಲ್ಲದಿದ್ದರೆ ಒಳಗೆ ಎಷ್ಟು ಚೆನ್ನಾಗಿ ಬಿಡಿಸಿದರೂ ಪ್ರಯೋಜನವಿಲ್ಲ. ಹೆಚ್ಚಿನ ಅರ್ಜಿಗಳು ಬೀಳುವುದು ಈ ಸಂಪರ್ಕ ರಸ್ತೆಯಲ್ಲಿ.

ಹಳದಿ ಇಲ್ಲದಿದ್ದರೆ? 14-ಎ ಕಲಮಿನಡಿ ಭೂಬಳಕೆ ಬದಲಾವಣೆ ಕೋರಬಹುದು. ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಪೂರ್ವಾನುಮೋದನೆ ಬೇಕು, ಶುಲ್ಕವಿದೆ. "ನನಗೆ ಲಾಭವಾಗುತ್ತದೆ" ಎಂಬುದು ಅಲ್ಲಿ ಕಾರಣವಾಗುವುದಿಲ್ಲ, ಸಾರ್ವಜನಿಕ ಹಿತ ಎಂದು ಕಾಯ್ದೆ ಹೇಳುತ್ತದೆ. ಸುತ್ತಲಿನ ಮೂರು ಕಡೆ ಅನುಮೋದಿತ ಬಡಾವಣೆಗಳಿವೆ, ರಸ್ತೆ ಇದೆ, ನೀರಿನ ಮಾರ್ಗ ಇದೆ ಎಂದು ದಾಖಲೆ ಸಮೇತ ತೋರಿಸಬಲ್ಲವರ ಅರ್ಜಿಗೆ ತೂಕ ಬರುತ್ತದೆ. ಹಸಿರಿನ ನಡುವೆ ಒಂಟಿ ಹಳದಿ ಚುಕ್ಕೆ ಕೇಳುವವರಿಗೆ ನಮ್ಮ ಸಲಹೆ ಒಂದೇ: ಮುಂದಿನ ಪರಿಷ್ಕರಣೆಯವರೆಗೆ ರಾಗಿ ಬಿತ್ತಿ.

ಪ್ರಶ್ನೆ: ಪರಿಷ್ಕೃತ ಮಾಸ್ಟರ್ ಪ್ಲಾನಿನ ತಾತ್ಕಾಲಿಕ ನಕ್ಷೆ ಪ್ರಕಟವಾಗಿದೆ. ನಮ್ಮ ಅಡಿಕೆ ತೋಟದ ಮಧ್ಯೆ ವರ್ತುಲ ರಸ್ತೆ ಎಳೆದಿದ್ದಾರೆ. ಮೂರು ಸಲ ಕಚೇರಿಗೆ ಹೋಗಿ ಮಾತಾಡಿದೆವು, "ನೋಡೋಣ" ಎನ್ನುತ್ತಾರೆ.
— ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ಮಾತು ಸಾಕು, ಬರೆದು ಕೊಡಿ. ಯೋಜನಾ ಕಾಯ್ದೆಯ 13(2)ರ ಪ್ರಕಾರ ಪ್ರಕಟಣೆಯಾದ 60 ದಿನದೊಳಗೆ ಲಿಖಿತವಾಗಿ ಬಂದ ಅಭಿಪ್ರಾಯವನ್ನು ಮಾತ್ರ ಪ್ರಾಧಿಕಾರ ಪರಿಗಣಿಸಲೇಬೇಕು. ದಿನ ಎಣಿಸುವುದು ಪ್ರಕಟಣೆಯ ತಾರೀಖಿನಿಂದ, ನಿಮಗೆ ಗೊತ್ತಾದ ದಿನದಿಂದಲ್ಲ. ಮೂರು ಸಲ ಅಲೆದದ್ದರಲ್ಲಿ ನಿಮ್ಮ ದಿನಗಳು ಕರಗಿವೆ, ಹಾಗಾಗಿ ಇವತ್ತೇ ಬರೆಯಿರಿ.

ಆಕ್ಷೇಪಣೆಯಲ್ಲಿ ಬೇಕಾದದ್ದು: ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ, ವಿಸ್ತೀರ್ಣ, ನಕ್ಷೆಯ ಹಾಳೆಯ ಸಂಖ್ಯೆ, ರಸ್ತೆಗೆ ಕೊಟ್ಟ ಅಗಲ, ಅದರಲ್ಲಿ ನಿಮ್ಮದು ಎಷ್ಟು ಗುಂಟೆ ಹೋಗುತ್ತದೆ ಎಂಬ ಲೆಕ್ಕ. ಜೊತೆಗೆ ಚಾಲ್ತಿ ಪಹಣಿ, ಸರ್ವೆ ನಕ್ಷೆ, ತೋಟ ಮತ್ತು ಬೋರ್‌ವೆಲ್ ಫೋಟೊ. "ನಮ್ಮ ಅಜ್ಜನ ಕಾಲದ ತೋಟ, ದಯವಿಟ್ಟು ಕೈಬಿಡಿ" ಎಂಬ ಅರ್ಜಿಗಳು ಕಟ್ಟುಗಟ್ಟಲೆ ಬರುತ್ತವೆ, ಒಂದೇ ಷರಾ ಬರೆದು ಎಲ್ಲವನ್ನೂ ಮುಚ್ಚುತ್ತಾರೆ. ಬದಲಿ ದಾರಿ ತೋರಿಸಿದ ಅರ್ಜಿಗೆ ಹಾಗೆ ಮಾಡಲು ಕಷ್ಟ. ಗ್ರಾಮ ನಕ್ಷೆಯಲ್ಲಿ ಹತ್ತಿರದ ಬಂಡಿದಾರಿ, ಸರ್ಕಾರಿ ಖರಾಬು, ಗೋಮಾಳದ ಅಂಚು ಇದ್ದರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಹಾಗೆ ತಿರುಗಿಸಿದರೆ ಎಷ್ಟು ಖಾಸಗಿ ಜಮೀನು ಉಳಿಯುತ್ತದೆ ಎಂದು ಬರೆಯಿರಿ. ರಸ್ತೆ ಕೆರೆಯ ಅಂಗಳವನ್ನೋ ತೋಡನ್ನೋ ದಾಟುತ್ತಿದ್ದರೆ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಅಕ್ಕಪಕ್ಕದವರೂ ಕೊಡಲಿ, ಆದರೆ ಒಂದೇ ಪತ್ರಕ್ಕೆ ಐವತ್ತು ಸಹಿ ಬೇಡ, ಪ್ರತಿ ಸರ್ವೆ ನಂಬರಿಗೂ ಬೇರೆ ಬೇರೆ ಪತ್ರ ಇರಲಿ. ಎಲ್ಲರದೂ ಪ್ರತ್ಯೇಕ ಕ್ರಮಸಂಖ್ಯೆಯಲ್ಲಿ ದಾಖಲಾಗುತ್ತದೆ.

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಆಮೇಲೆ ಏನಾಯಿತು ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನಿಮ್ಮ ಆಕ್ಷೇಪಣೆಯ ಮೇಲೆ ಪ್ರಾಧಿಕಾರ ಮಾಡಿದ ಶಿಫಾರಸಿನ ಪ್ರತಿ ಕೇಳಿ. ಕರ್ನಾಟಕದ ನಿಯಮದಲ್ಲಿ ಆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ಅದೇ ನೆಪಕ್ಕೆ ತಿರಸ್ಕಾರವಾಗುತ್ತದೆ.

ಪ್ರಶ್ನೆ: ಹತ್ತು ವರ್ಷಕ್ಕೂ ಹಿಂದೆ ಅಂತಿಮವಾದ ಮಾಸ್ಟರ್ ಪ್ಲಾನಿನಲ್ಲಿ ನಮ್ಮ 18 ಗುಂಟೆ "ಉದ್ಯಾನ" ಎಂದು ಗುರುತಾಗಿದೆ. ಯಾರೂ ಸ್ವಾಧೀನ ಮಾಡಿಕೊಂಡಿಲ್ಲ. ನಮಗೆ ಮನೆ ಕಟ್ಟಲೂ ಬಿಡುವುದಿಲ್ಲ.
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಯೋಜನಾ ಕಾಯ್ದೆಯ 69(2)ನೇ ಕಲಮು ನಿಮಗಾಗಿಯೇ ಇದೆ. ನಕ್ಷೆ ಅಂತಿಮವಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ 5 ವರ್ಷದೊಳಗೆ ಒಪ್ಪಂದದಿಂದ ಜಮೀನು ಪಡೆಯದಿದ್ದರೆ, ಅಥವಾ ಸ್ವಾಧೀನದ ಪ್ರಕ್ರಿಯೆ ಶುರುವಾಗದಿದ್ದರೆ, ಆ ಗುರುತು ರದ್ದಾದಂತೆ. ತೊಡಕು ಇರುವುದು "ರದ್ದಾದಂತೆ" ಎಂಬಲ್ಲಿ. ಕಾಯ್ದೆಯಲ್ಲಿ ರದ್ದಾದರೂ ಗೋಡೆಯ ಮೇಲಿನ ನಕ್ಷೆಯಲ್ಲಿ ಹಸಿರು ಹಾಗೇ ಉಳಿದಿರುತ್ತದೆ, ಕೌಂಟರಿನವರು ನೋಡುವುದು ನಕ್ಷೆಯನ್ನೇ.

ಮೊದಲು ರಾಜ್ಯಪತ್ರದ ತಾರೀಖು ಹಿಡಿಯಿರಿ. ಎರಡನೆಯದಾಗಿ, ನಿಮ್ಮ ಸರ್ವೆ ನಂಬರಿನ ಮೇಲೆ ಯಾವುದೇ ಸ್ವಾಧೀನ ಅಧಿಸೂಚನೆ ಇಲ್ಲ ಎಂಬುದಕ್ಕೆ ಹಿಂಬರಹ ತೆಗೆದುಕೊಳ್ಳಿ. ಇವೆರಡನ್ನೂ ಲಗತ್ತಿಸಿ, 69(2)ರಂತೆ ಗುರುತು ರದ್ದಾಗಿರುವುದನ್ನು ದಾಖಲಿಸಿ ಭೂಬಳಕೆ ಸ್ಪಷ್ಟಪಡಿಸಲು ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಮನವಿ ಕೊಡಿ. ಉತ್ತರ ಬರದಿದ್ದರೆ ಅಥವಾ ನಿರಾಕರಿಸಿದರೆ ಹೈಕೋರ್ಟಿನಲ್ಲಿ ರಿಟ್. ಮನವಿಯನ್ನೇ ಕೊಡದೆ ನೇರ ಹೋದರೆ "ಮೊದಲು ಅಲ್ಲಿ ಕೇಳಿ" ಎಂದು ಹಿಂದಕ್ಕೆ ಕಳಿಸುವ ಸಾಧ್ಯತೆ ಹೆಚ್ಚು.

ಒಂದು ಎಚ್ಚರಿಕೆ: ನಿಮ್ಮ 18 ಗುಂಟೆ ಯಾವುದೋ ಹಳೆಯ ಅನುಮೋದಿತ ಲೇಔಟಿನ ಪಾರ್ಕ್ ಆಗಿದ್ದರೆ ಈ ವಾದ ನಿಲ್ಲುವುದಿಲ್ಲ. ಅದನ್ನು ಮಾಲೀಕರೇ ಬಿಟ್ಟುಕೊಟ್ಟಿರುತ್ತಾರೆ, ಸ್ವಾಧೀನದ ಪ್ರಶ್ನೆಯೇ ಇಲ್ಲ. ಋಣಭಾರ ಪ್ರಮಾಣಪತ್ರವನ್ನು ಸಾಧ್ಯವಾದಷ್ಟು ಹಿಂದಕ್ಕೆ ತೆಗೆಸಿ ನೋಡಿ.

ಪ್ರಶ್ನೆ: ನಮ್ಮದು ವಸತಿ ಬೀದಿ. ಎದುರು ಮನೆಯವರು ಕೆಳಮಹಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ, ಈಗ ಮೆಣಸಿನಕಾಯಿ ಪುಡಿ ಮಾಡುವ ಯಂತ್ರವೂ ಬಂದಿದೆ. ವಸತಿ ವಲಯದಲ್ಲಿ ಇದಕ್ಕೆ ಅವಕಾಶ ಇದೆಯೇ?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಇರಬಹುದು. ವಸತಿ ವಲಯ ಎಂದರೆ ಮನೆ ಮಾತ್ರ ಎಂದಲ್ಲ. ಮಾಸ್ಟರ್ ಪ್ಲಾನಿನ ವಲಯ ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತವೆ: ನೇರವಾಗಿ ಅನುಮತಿಸುವ ಬಳಕೆಗಳು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರದ ಒಪ್ಪಿಗೆ ಪಡೆದು ಮಾಡಬಹುದಾದ ಬಳಕೆಗಳು. ಗಿರಣಿ ಸಾಮಾನ್ಯವಾಗಿ ಎರಡನೆಯದರಲ್ಲಿ, ಅದೂ ಇಷ್ಟು ಅಶ್ವಶಕ್ತಿಯ ಮೋಟಾರಿನವರೆಗೆ ಎಂಬ ಮಿತಿಯೊಡನೆ ಇರುತ್ತದೆ. ಮಿತಿ ಊರಿಂದ ಊರಿಗೆ ಬೇರೆ, ನಿಮ್ಮ ಊರಿನ ನಿಯಮಾವಳಿ ಪುಸ್ತಕವನ್ನೇ ನೋಡಿ.

ಇಂಥ ಕಡೆ ತಪ್ಪುವುದು ಮೋಟಾರಿನ ಲೆಕ್ಕ. ಗಿರಣಿಗೆ ಲೈಸೆನ್ಸ್ ಪಡೆದಾಗ ಒಂದು ಮೋಟಾರು, ಆಮೇಲೆ ಕಾರದ ಪುಡಿಗೆ ಇನ್ನೊಂದು. ಎರಡೂ ಕೂಡಿದರೆ ಮಿತಿ ದಾಟಿರಬಹುದು. ಆದ್ದರಿಂದ ದೂರಿನಲ್ಲಿ "ತೊಂದರೆಯಾಗುತ್ತಿದೆ" ಎಂದಷ್ಟೇ ಬರೆಯದೆ, ಉದ್ದಿಮೆ ಪರವಾನಗಿಯಲ್ಲಿರುವ ಅಶ್ವಶಕ್ತಿ ಎಷ್ಟು, ವಿದ್ಯುತ್ ಕಂಪನಿ ಮಂಜೂರು ಮಾಡಿದ ಲೋಡ್ ಎಷ್ಟು, ಸ್ಥಳದಲ್ಲಿ ಇರುವುದೆಷ್ಟು ಎಂದು ತಪಾಸಣೆ ಮಾಡುವಂತೆ ಪುರಸಭೆ ಮುಖ್ಯಾಧಿಕಾರಿಗೆ ಬರೆಯಿರಿ, ಪ್ರತಿಯನ್ನು ಪ್ರಾಧಿಕಾರಕ್ಕೂ ಕೊಡಿ. ಸದ್ದಿಗೆ ಬೇರೆ ಅಳತೆಯಿದೆ: 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಅಳೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯವರು, ಮೊಬೈಲ್ ಆ್ಯಪ್ ತೋರಿಸಿದರೆ ನಡೆಯುವುದಿಲ್ಲ. ಘಾಟು ಮಾತ್ರ ಎಷ್ಟೋ ಸಲ ಹೊಗೆಗೂಡಿನ ಕೊಳವೆ ಎತ್ತರಿಸಿದರೆ ಹೋಗುತ್ತದೆ. ಬೀದಿಯವರೇ ಕೂತು ಮಾತಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿಯ 11ಬಿ ಇರುವ ಸೈಟ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ? ಇನ್ನೊಂದು, ಪೇಟೆಯಲ್ಲಿರುವ ನಮ್ಮ ವಾಣಿಜ್ಯ ವಲಯದ ಜಾಗದಲ್ಲಿ ವಾಸದ ಮನೆ ಕಟ್ಟಲು ಸರ್ಕಾರದ ತನಕ ಹೋಗಬೇಕೇ?
— ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಮೊದಲನೆಯದಕ್ಕೆ: ಬೇಡ. ಪಂಚಾಯಿತಿ ಅಧಿಕೃತ ಆಸ್ತಿಗೆ ಕೊಡುವ ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. 11ಬಿ ತೆರಿಗೆ ವಸೂಲಿಗೆ ಇಟ್ಟ ದಾಖಲೆ, ಸೈಟು ಅನುಮೋದಿತ ಎಂಬುದಕ್ಕೆ ಪುರಾವೆಯಲ್ಲ. ಊರು ಬೆಳೆದು ಆ ಹಳ್ಳಿ ಯೋಜನಾ ಪ್ರದೇಶಕ್ಕೆ ಸೇರಿದ್ದರೆ ಅಲ್ಲಿನ ಲೇಔಟಿಗೆ ಪ್ರಾಧಿಕಾರದ ಅನುಮೋದನೆಯೇ ಬೇಕು, ಪಂಚಾಯಿತಿಯ ಮೊಹರು ಸಾಲದು. ಅಗ್ಗ ಇರುವುದು ಅದಕ್ಕೇ.

ಎರಡನೆಯದಕ್ಕೆ: ಹೋಗಬೇಕಾಗಿಲ್ಲ. ವಾಣಿಜ್ಯ ಅಥವಾ ಕೈಗಾರಿಕೆಯಿಂದ ವಸತಿಗೆ, ಕೈಗಾರಿಕೆಯಿಂದ ವಾಣಿಜ್ಯಕ್ಕೆ ಬದಲಾಯಿಸುವಾಗ, ಮೊದಲೇ ಪ್ರಾಧಿಕಾರಕ್ಕೆ ತಿಳಿಸಿ ನಿಗದಿತ ಶುಲ್ಕ ಕಟ್ಟಿದರೆ ಅನುಮತಿ ಕೊಟ್ಟಂತೆ ಎಂದು ಯೋಜನಾ ಕಾಯ್ದೆಯ 14-ಎ(3) ಹೇಳುತ್ತದೆ. "ಮೊದಲೇ" ಎಂಬುದನ್ನು ಮರೆಯಬೇಡಿ. ಪಾಯ ತೋಡಿ ಆಮೇಲೆ ಪತ್ರ ಕೊಟ್ಟರೆ ಈ ಸವಲತ್ತು ಸಿಗದು. ರಸೀದಿ, ಸ್ವೀಕೃತಿ ಎರಡನ್ನೂ ಕಟ್ಟಡ ಪರವಾನಗಿ ಅರ್ಜಿಯ ಜೊತೆ ಪುರಸಭೆಗೆ ಕೊಡಿ, ಪ್ರಾಧಿಕಾರದ ಕಡತ ಅವರ ಮೇಜಿಗೆ ತಾನಾಗಿ ಬರುವುದಿಲ್ಲ.